ಪ್ರೀತಿಸ್ವರೂಪಿಯಾದ ದೇವರು ನರಕವನ್ನು ಯಾಕೆ ಇಟ್ಟರು? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

"ದೇವರು ಪ್ರೀತಿಸ್ವರೂಪಿ ಎನ್ನುತ್ತೀರಿ. ಹಾಗಾದರೆ ಸೈತಾನನನ್ನು ಹುಟ್ಟಿಸಿದವರು ಯಾರು? ನರಕ ಯಾಕೆ ಬೇಕಿತ್ತು? ಅಲ್ಲಿಗೆ ಹೋದವರು ಕೊನೆಯಿಲ್ಲದೆ ಬೇಯುತ್ತಲೇ ಇರುತ್ತಾರಾ?" ಕ್ರೈಸ್ತ ನಂಬಿಕೆಯ ಬಗ್ಗೆ ಬರೆಯುವ ನನಗೆ ಇದಕ್ಕಿಂತ ಹೆಚ್ಚು ಸಲ ಬಂದ ಪ್ರಶ್ನೆ ಬೇರೆ ಇಲ್ಲ. ನಂಬದವರು ಸವಾಲಾಗಿ ಕೇಳುತ್ತಾರೆ. ನಂಬುವವರು ರಾತ್ರಿ ನಿದ್ದೆ ಬಾರದೆ ಕೇಳುತ್ತಾರೆ. ಉತ್ತರ ಒಂದೇ ಸಾಲಿನಲ್ಲಿ ಬೇಕು ಎನ್ನುವವರಿಗೆ ಇಷ್ಟು ಹೇಳಬಲ್ಲೆ: ದೇವರ ನ್ಯಾಯತೀರ್ಪು ಇದೆ ಎಂಬುದರಲ್ಲಿ ಐತಿಹಾಸಿಕ ಕ್ರೈಸ್ತ ಸಭೆಗಳಿಗೆಲ್ಲ, ಅಂದರೆ ಚರ್ಚುಗಳಿಗೆಲ್ಲ, ಒಮ್ಮತವಿದೆ, ಆ ತೀರ್ಪಿನ ನಂತರ ಏನು, ಎಷ್ಟು ಕಾಲ ಎಂಬುದರಲ್ಲಿ ಮೊದಲ ಶತಮಾನಗಳಿಂದಲೂ ಭಿನ್ನಮತವಿದೆ. ಉಳಿದದ್ದಕ್ಕೆ ಸ್ವಲ್ಪ ತಾಳ್ಮೆ ಬೇಕು. ಮೂರು ಪ್ರಶ್ನೆಗಳನ್ನು ಹಿಂದುಮುಂದು ಮಾಡಿ ಕೇಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಮೊದಲು ಕೆಡುಕು ಎಂದರೇನು ಎಂದು ತೀರ್ಮಾನವಾಗಬೇಕು. ಆಮೇಲೆ ಸೈತಾನ. ನರಕ ಕೊನೆಗೆ.

ಆದಿಸಭೆಯ ದೊಡ್ಡ ಚಿಂತಕ, ಬಿಷಪ್ ಅಗಸ್ಟೀನ್ ತಾರುಣ್ಯದಲ್ಲಿ ಸುಮಾರು ಒಂಬತ್ತು ವರ್ಷ ಮಾನಿಕೇಯರ ಪಂಥದಲ್ಲಿದ್ದವರು. ಬೆಳಕಿನ ಶಕ್ತಿ, ಕತ್ತಲಿನ ಶಕ್ತಿ ಎಂಬ ಎರಡು ಮೂಲಗಳು ಅನಾದಿಯಿಂದ ಹೋರಾಡುತ್ತಿವೆ ಎಂಬುದು ಆ ಪಂಥದ ಬೋಧನೆ. ಅದನ್ನು ಬಿಟ್ಟು ಬಂದ ಮೇಲೆ ಅವರು ಕೊಟ್ಟ ಉತ್ತರವೇ ಪಶ್ಚಿಮದ ಸಭೆಗಳ ಚಿಂತನೆಗೆ ಅಡಿಪಾಯವಾಯಿತು. ಕೆಡುಕು ಒಂದು ವಸ್ತುವಲ್ಲ. ಇರಬೇಕಾದ ಒಳಿತು ಇಲ್ಲದಿರುವುದು ಅಥವಾ ಹಾಳಾಗಿರುವುದೇ ಕೆಡುಕು. ಕುರುಡು ಎನ್ನುವುದು ಕಣ್ಣಿಗೆ ಹೊರಗಿನಿಂದ ಬಂದು ಸೇರಿದ ಪದಾರ್ಥವಲ್ಲ, ಇರಬೇಕಾದ ದೃಷ್ಟಿ ಇಲ್ಲದಿರುವುದು, ಹಾಗೆ. ಆದ್ದರಿಂದ "ಕೆಡುಕನ್ನು ಸೃಷ್ಟಿಸಿದವರು ಯಾರು" ಎಂಬ ಪ್ರಶ್ನೆಯೇ ನಿಲ್ಲುವುದಿಲ್ಲ, ಸೃಷ್ಟಿಯಾದದ್ದೆಲ್ಲ ಒಳ್ಳೆಯದೇ ಎಂದರು.

ನೋವನ್ನು ಇದು ಹಗುರ ಮಾಡುತ್ತದೆ ಎಂಬ ಆಕ್ಷೇಪ ಹಳೆಯದು. ಇಲ್ಲದ ವಸ್ತು ಇಷ್ಟು ನೋಯಿಸುವುದು ಹೇಗೆ ಎಂದು ಕೇಳುತ್ತಾರೆ. ಆದರೆ ಕೆಡುಕಿಗೆ ಸ್ವಂತ ಅಸ್ತಿತ್ವವಿಲ್ಲ ಎಂದರೆ ಅದರ ಪರಿಣಾಮ ಸುಳ್ಳು ಎಂದಲ್ಲ. ಹಾಳಾದದ್ದು ನಿಜವಾಗಿಯೂ ಹಾಳಾಗಿದೆ. ಈ ವಾದದ ನಿಜವಾದ ಮಿತಿ ಬೇರೆ: ಕೆಡುಕು ಎಂಥದ್ದು ಎಂದು ಅದು ಹೇಳುತ್ತದೆ, ದೇವರು ಅದಕ್ಕೆ ಎಡೆಗೊಟ್ಟದ್ದು ಏಕೆ ಎಂದು ಹೇಳುವುದಿಲ್ಲ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಲಿಸ್ಬನ್ ನಗರದಲ್ಲಿ ಭೂಕಂಪವಾಗಿ ಪೂಜೆಗೆ ನೆರೆದಿದ್ದ ಜನರ ಮೇಲೆಯೇ ಚರ್ಚುಗಳು ಕುಸಿದವು. ಅದಾದ ಮೇಲೆ ಯುರೋಪು ಕೇಳಿದ್ದು ಈ "ಏಕೆ"ಯನ್ನೇ. ಮನುಷ್ಯರ ಸ್ವಾತಂತ್ರ್ಯವನ್ನು ಮುಂದಿಟ್ಟು ಕೊಲೆ, ಮೋಸ, ಯುದ್ಧಗಳನ್ನು ಒಂದಷ್ಟು ಮಟ್ಟಿಗೆ ವಿವರಿಸಬಹುದು. ಭೂಕಂಪಕ್ಕೆ ಆ ವಿವರಣೆ ಸಾಲದು, ಸಾಲುತ್ತದೆ ಎಂದು ನಟಿಸಲೂ ಬಾರದು.

ಈಗ ಸೈತಾನ. ಕಥೋಲಿಕ ಧರ್ಮಸಭೆಯ ಬಿಷಪರು ಸೇರಿದ 1215ರ ನಾಲ್ಕನೇ ಲ್ಯಾಟೆರನ್ ಮಹಾಸಭೆಯ ಮಾತು ಸ್ಪಷ್ಟವಾಗಿದೆ: ಪಿಶಾಚನೂ (ಸೈತಾನನೂ) ದೆವ್ವಗಳೂ ಸ್ವಭಾವತಃ ಒಳ್ಳೆಯವರಾಗಿಯೇ ದೇವರಿಂದ ಸೃಷ್ಟಿಯಾದವರು, ಕೆಟ್ಟದ್ದು ತಮ್ಮಿಂದ ತಾವೇ. ಅಂದರೆ ಸೈತಾನ ದೇವರಿಗೆ ಸರಿಸಾಟಿಯಲ್ಲ, ದೇವರ ವಿರುದ್ಧಾರ್ಥಕವೂ ಅಲ್ಲ, ಅವನೊಬ್ಬ ಸೃಷ್ಟಜೀವಿ, ಕೆಟ್ಟು ಬಿದ್ದುಹೋದ ದೇವದೂತ. ಇದನ್ನು ಮರೆತ ಬೋಧಕರು ಪ್ರತಿ ಕಾಯಿಲೆಗೂ ಪ್ರತಿ ಸಾಲಕ್ಕೂ ಅವನನ್ನೇ ಹೊಣೆ ಮಾಡಿ, ತಮಗರಿವಿಲ್ಲದೆಯೇ ಮಾನಿಕೇಯರಾಗುತ್ತಾರೆ.

ಸೈತಾನನ ಪತನದ ಕಥೆ ಬೈಬಲಿನಲ್ಲಿ ಒಂದೇ ಕಡೆ ನೇರವಾಗಿ ಸಿಗುತ್ತದೆ ಎಂದುಕೊಂಡವರಿಗೆ ನಿರಾಸೆ ಕಾದಿದೆ. ಆದಿಕಾಂಡ 3ರಲ್ಲಿ ಸರ್ಪವಿದೆ, ಸೈತಾನ ಎಂಬ ಹೆಸರಿಲ್ಲ. ಆ ಎರಡನ್ನೂ ಒಂದು ಮಾಡುವುದು ಪ್ರಕಟನೆ 12:9. ಯೋಬನ ಪುಸ್ತಕದಲ್ಲಿ ಅವನು ದೇವರ ಸಭೆಯಲ್ಲೇ ನಿಂತು ತಪ್ಪು ಹೊರಿಸುವವನು, ದೇವರು ಹಾಕಿದ ಗೆರೆಯನ್ನು ದಾಟಲಾಗದವನು. ಯೆಶಾಯ 14ರ "ಉದಯನಕ್ಷತ್ರವೇ, ಹೇಗೆ ಬಿದ್ದೆ" ಎಂಬ ಪದ್ಯ ಬಾಬೆಲಿನ (ಬ್ಯಾಬಿಲೋನಿನ) ಅರಸನ ಮೇಲಿನದು ಎಂದು ಅದೇ ಅಧ್ಯಾಯದ 4ನೇ ವಚನ ಹೇಳುತ್ತದೆ. ಯೆಹೆಜ್ಕೇಲ 28 ತೂರಿನ ಅರಸನ ಮೇಲಿನದು. ಯೆಶಾಯನ ಪದ್ಯವನ್ನು ಸೈತಾನನಿಗೆ ಅನ್ವಯಿಸಿದ್ದು ಆರಿಜನ್‌ನಂಥ ಆದಿಸಭೆಯ ವ್ಯಾಖ್ಯಾನಕಾರರು. ಅನ್ವಯ ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಅನ್ವಯ ಎಂಬ ಎಚ್ಚರ ಇರಬೇಕು ಅಷ್ಟೆ.

ಇನ್ನೂ ಹತ್ತಿರದಿಂದ ನೋಡಬೇಕಾದ ಒಂದು ಜಾಗವಿದೆ. ದಾವೀದನು ಇಸ್ರಾಯೇಲ್ಯರ ಜನಗಣತಿ ಮಾಡಿಸಿದ ಪ್ರಸಂಗ ಎರಡು ಕಡೆ ಬರುತ್ತದೆ. 2 ಸಮುವೇಲ 24:1ರಲ್ಲಿ ದಾವೀದನನ್ನು ಪ್ರೇರಿಸಿದ್ದು ಕರ್ತನ ಕೋಪ. 1 ಪೂರ್ವಕಾಲವೃತ್ತಾಂತ 21:1ರಲ್ಲಿ ಪ್ರೇರಿಸಿದವನು ಸೈತಾನ. ಗಣತಿ ಅದೇ, ಅರಸ ಅವನೇ. ಎರಡನೆಯದು ಯೆಹೂದ್ಯರು ಬಾಬೆಲಿಗೆ ಸೆರೆಹೋದ ಕಾಲದ ನಂತರ ಬರೆದದ್ದು. ಕೆಡುಕಿಗೆ ದೇವರನ್ನೇ ನೇರವಾಗಿ ಕಾರಣವಾಗಿಸಲು ಆ ಹೊತ್ತಿಗೆ ಭಕ್ತರ ಮನಸ್ಸು ಒಪ್ಪುತ್ತಿರಲಿಲ್ಲ ಎಂದು ಹಲವು ವಿದ್ವಾಂಸರು ಓದುತ್ತಾರೆ. ದೇವರ ಅನುಮತಿ, ಸೈತಾನನ ಕೃತ್ಯ ಎಂದು ಎರಡನ್ನೂ ಹೊಂದಿಸಿ ಓದುವವರೂ ಇದ್ದಾರೆ. ಇವೆರಡನ್ನೂ ಎದುರುಬದುರು ಇಟ್ಟು ಓದದವರು ಸೈತಾನನ ಬಗ್ಗೆ ಗಟ್ಟಿಯಾಗಿ ಮಾತಾಡದಿರುವುದೇ ಲೇಸು.

ಒಳ್ಳೆಯ ದೇವದೂತ ಕೆಟ್ಟದ್ದಾದರೂ ಹೇಗೆ? ಅಗಸ್ಟೀನರೇ ಇಲ್ಲಿ ಕೈ ಚೆಲ್ಲುತ್ತಾರೆ. ಕೆಟ್ಟ ಇಚ್ಛೆಗೆ ಕಾರಣ ಹುಡುಕುವುದು ಕತ್ತಲನ್ನು ಕಣ್ಣಿಂದ ನೋಡಲು, ಮೌನವನ್ನು ಕಿವಿಯಿಂದ ಕೇಳಲು ಹೊರಟಂತೆ ಎಂಬುದು ಅವರ ಮಾತಿನ ಸಾರ. ಸೈತಾನ ಒಬ್ಬ ವ್ಯಕ್ತಿಯೇ ಅಲ್ಲ, ಆ ಬೋಧನೆಯೇ ನಂಬಿಕೆಗೆ ಬೇಕಿಲ್ಲ ಎಂದು 19ನೇ ಶತಮಾನದಲ್ಲಿ ಜರ್ಮನ್ ದೇವತಾಶಾಸ್ತ್ರಜ್ಞ ಶ್ಲೈಯರ್‌ಮಾಕರ್ ವಾದಿಸಿದರು. ಯೇಸು ಅವನನ್ನು ಎದುರಿಸಿದ ರೀತಿಯನ್ನು ನೋಡಿದರೆ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಆದರೆ ಭೂತೋಚ್ಚಾಟನೆಯ ವಿಷಯದಲ್ಲಿ ಕಥೋಲಿಕ ಧರ್ಮಸಭೆಯ ಕಟ್ಟುನಿಟ್ಟು ಎಲ್ಲರೂ ಕಲಿಯಬೇಕಾದದ್ದು: ಬಿಷಪರ ವಿಶೇಷ ಅನುಮತಿಯಿಲ್ಲದೆ ಯಾವ ಗುರುವೂ ಅದನ್ನು ನಡೆಸುವಂತಿಲ್ಲ, ಅದಕ್ಕೂ ಮುಂಚೆ ಅದು ಮಾನಸಿಕ ಕಾಯಿಲೆ ಅಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ನರಕಕ್ಕೆ ಬರೋಣ. ಯೇಸು ಹೇಳಿದ, ನರಕ ಎಂದು ಅನುವಾದವಾಗುವ ಗೆಹೆನ್ನ ಜೆರುಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಮಕ್ಕಳನ್ನು ಬೆಂಕಿಗೆ ಬಲಿಕೊಟ್ಟ ಜಾಗ ಅದು. ಅರಸ ಯೋಷೀಯ ಅದನ್ನು ಹೊಲೆಮಾಡಿಸಿದ, ಅದು ಸಂಹಾರದ ಕಣಿವೆಯಾಗುವುದೆಂದು ಯೆರೆಮೀಯ ಪ್ರವಾದಿಸಿದ. ಅಲ್ಲಿ ಊರಿನ ಕಸ ಸದಾ ಉರಿಯುತ್ತಿತ್ತು ಎಂದು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಯೇಸುವಿನ ಕಾಲದ ಯಾವ ಬರಹದಲ್ಲೂ ಅದಕ್ಕೆ ಆಧಾರವಿಲ್ಲ. ಆ ವಿವರಣೆ ಕಾಣಿಸಿಕೊಳ್ಳುವುದು ಸುಮಾರು 1200ರ ಹೊತ್ತಿಗೆ, ಯೆಹೂದಿ ವ್ಯಾಖ್ಯಾನಕಾರ ದಾವೀದ್ ಕಿಮ್ಹಿಯವರಲ್ಲಿ. ಇನ್ನೊಂದು ತಪ್ಪೂ ಸಾಮಾನ್ಯ: ಲೂಕ 16ರ ಐಶ್ವರ್ಯವಂತ ಮತ್ತು ಲಾಜರನ ದೃಷ್ಟಾಂತಕಥೆಯನ್ನು ಕೊನೆಯ ನರಕದ ನಕ್ಷೆಯಂತೆ ಬಳಸುವುದು. ಅಲ್ಲಿರುವುದು ಪಾತಾಳ, ಸತ್ತವರು ಪುನರುತ್ಥಾನಕ್ಕೆ ಮುಂಚೆ ಇರುವ ನೆಲೆ. ಐಶ್ವರ್ಯವಂತನ ಅಣ್ಣತಮ್ಮಂದಿರು ಇನ್ನೂ ಭೂಮಿಯ ಮೇಲೇ ಇದ್ದಾರೆ.

ತೀರ್ಪಿನ ನಂತರ ಏನು ಎಂಬುದರಲ್ಲಿ ಮೂರು ಪಕ್ಷಗಳಿವೆ. ಮೊದಲನೆಯದು ನಿತ್ಯ ಯಾತನೆ ಎನ್ನುವವರದು; ಅವರ ಮುಖ್ಯ ವಚನ ಮತ್ತಾಯ 25:46. ನಿತ್ಯದಂಡನೆ, ನಿತ್ಯಜೀವ ಎರಡಕ್ಕೂ ಅಲ್ಲಿ ಒಂದೇ ವಿಶೇಷಣ; ಜೀವಕ್ಕೆ ಕೊನೆಯಿಲ್ಲದಿದ್ದರೆ ದಂಡನೆಗೂ ಕೊನೆಯಿಲ್ಲ ಎಂಬುದು ಅಗಸ್ಟೀನರ ವಾದ. ಜೊತೆಗೆ ಪ್ರಕಟನೆ 14:11 ಮತ್ತು 20:10. ಪಶ್ಚಿಮದಲ್ಲಿ ಇದೇ ಬಹುಮತವಾಯಿತು.

ಎರಡನೆಯ ಪಕ್ಷ, ಕೊನೆಗೆ ಎಲ್ಲರೂ ರಕ್ಷಣೆ ಹೊಂದುತ್ತಾರೆ ಎನ್ನುವವರು, 1 ಕೊರಿಂಥ 15:22 ಮತ್ತು 28, ರೋಮಾಪುರ 5:18, ಕೊಲೊಸ್ಸೆ 1:20 ತೋರಿಸುತ್ತಾರೆ. ಈ ನಂಬಿಕೆಯೂ ಸೇರಿ ಆರಿಜನ್‌ರ ಹೆಸರಿನ ಬೋಧನೆಗಳನ್ನು 543ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಖಂಡಿಸಿದ. 553ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗೆ ಸೇರಿದವೆನ್ನುವ, ಆ ಬೋಧನೆಗಳನ್ನು ಖಂಡಿಸುವ ಶಾಪವಾಕ್ಯಗಳನ್ನು ಆ ಸಭೆಯೇ ಹೊರಡಿಸಿತೇ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಎಲ್ಲರ ಪುನಃಸ್ಥಾಪನೆಯನ್ನು ಬೋಧಿಸಿದ 4ನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ ಮಾತ್ರ ಇಂದಿಗೂ ಸಂತರೇ. ಈ ಪಕ್ಷಕ್ಕೆ ದೊಡ್ಡ ತೊಡಕು ತಮ್ಮನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಬಗ್ಗೆ ಯೇಸು ಆಡಿದ ಮಾತು, ಅವನು ಹುಟ್ಟದೆ ಇದ್ದಿದ್ದರೆ ಅವನಿಗೆ ಒಳ್ಳೆಯದಿತ್ತು ಎಂಬುದು.

ಮೂರನೆಯದು, ತೀರ್ಪಿನ ನಂತರ ದುಷ್ಟರು ಇಲ್ಲವಾಗುತ್ತಾರೆ ಎಂಬ ಪಕ್ಷ. ಮತ್ತಾಯ 10:28 ಆತ್ಮ, ದೇಹ ಎರಡನ್ನೂ ಗೆಹೆನ್ನದಲ್ಲಿ ನಾಶಮಾಡಬಲ್ಲವನಿಗೆ ಹೆದರಿರಿ ಎನ್ನುತ್ತದೆ. ರೋಮಾಪುರ 6:23ರಲ್ಲಿ ಪಾಪದ ಸಂಬಳ ಮರಣ. "ಅವರ ಹುಳ ಸಾಯುವುದಿಲ್ಲ, ಬೆಂಕಿ ಆರುವುದಿಲ್ಲ" ಎಂಬ ಮಾರ್ಕ 9:48ರ ಮಾತು ಯೆಶಾಯ 66:24ರಿಂದ ಬಂದದ್ದು. ಮೂಲಕ್ಕೆ ಹೋಗಿ ನೋಡಿ: ಅಲ್ಲಿ ಹುಳ, ಬೆಂಕಿ ಇರುವುದು ಹೆಣಗಳ ಮೇಲೆ. ನರಳುವವರು ಯಾರೂ ಇಲ್ಲ. ಹೊರಗೆ ಬಂದ ಜನ ಸತ್ತವರನ್ನು ನೋಡುತ್ತಾರೆ. ಮತ್ತಾಯ 25:46ಕ್ಕೆ ಈ ಪಕ್ಷದ ಉತ್ತರ ಇಬ್ರಿಯ 9:12ರಲ್ಲಿದೆ. ಅಲ್ಲಿನ "ನಿತ್ಯ ವಿಮೋಚನೆ" ಒಮ್ಮೆಗೇ ನಡೆದದ್ದು, ನಿತ್ಯವಾದದ್ದು ಅದರ ಫಲ. ದಂಡನೆಯೂ ಹಾಗೆಯೇ ಎನ್ನುತ್ತಾರೆ. ಪ್ರಕಟನೆ 20:10ರ "ಹಗಲಿರುಳು ಯಾತನೆ" ಇವರ ಗಂಟಲಲ್ಲಿ ಸಿಕ್ಕಿಕೊಳ್ಳುವ ವಚನ. ನಾಲ್ಕೇ ವಚನ ಮುಂದೆ ಮರಣವೂ ಪಾತಾಳವೂ ಬೆಂಕಿಯ ಕೆರೆಗೆ ಬೀಳುತ್ತವೆ, ಮರಣ ನರಳಲಾರದು, ಇಲ್ಲವಾಗುತ್ತದೆ ಅಷ್ಟೆ ಎಂದು ಸಮಾಧಾನ ಹೇಳುತ್ತಾರೆ. ಸಮಾಧಾನ ಪೂರ್ತಿಯಲ್ಲ.

ವಾದ ನಿಜವಾಗಿ ತಿರುಗುವುದು ಆತ್ಮದ ಪ್ರಶ್ನೆಯಲ್ಲಿ. ಆತ್ಮ ಸ್ವಭಾವತಃ ಅಮರ ಎಂದು ಮೊದಲೇ ಒಪ್ಪಿಬಿಟ್ಟರೆ ಮೂರನೇ ಪಕ್ಷಕ್ಕೆ ಜಾಗವೇ ಉಳಿಯುವುದಿಲ್ಲ. 1 ತಿಮೊಥೆ 6:16ರ ಪ್ರಕಾರ ಅಮರತ್ವ ದೇವರೊಬ್ಬರಿಗೇ ಸೇರಿದ್ದು. ಶೂನ್ಯದಿಂದ ಬಂದ ಮನುಷ್ಯ ದೇವರಿಂದ ತಿರುಗಿಕೊಂಡರೆ ಶೂನ್ಯದ ಕಡೆಗೇ ಸವೆಯುತ್ತಾನೆ ಎಂದು 4ನೇ ಶತಮಾನದಲ್ಲೇ ಅಲೆಕ್ಸಾಂದ್ರಿಯದ ಬಿಷಪ್ ಅಥನಾಸಿಯಸ್ ಬರೆದಿದ್ದರು. ಕೆಡುಕು ಒಳಿತಿನ ಕೊರತೆ ಎಂದಾದರೆ, ಆ ಕೊರತೆ ದೇವರ ಹೊಸ ಸೃಷ್ಟಿಯ ಪಕ್ಕದಲ್ಲೇ ಅನಂತಕಾಲ ಉಳಿಯುವುದು ಹೇಗೆ? ಇರುವಿಕೆಯೇ ಒಂದು ಒಳಿತು, ಶಿಕ್ಷೆಯಲ್ಲಿ ನ್ಯಾಯ ನೆಲೆಗೊಳ್ಳುತ್ತದೆ ಎಂದು ಮೊದಲ ಪಕ್ಷದವರು ಹೇಳುತ್ತಾರೆ. ನನಗೆ ಅದು ಸಾಕಾಗುವುದಿಲ್ಲ. ನನ್ನ ಒಲವು ಮೂರನೇ ಪಕ್ಷದ ಕಡೆಗಿದೆ, ಪ್ರಕಟನೆ 20:10ರ ತೊಡಕು ಬಗೆಹರಿಯದೆ ಉಳಿದಿದ್ದರೂ.

ಹೀಗೆ ಹೇಳಿದರೆ ನಂಬಿಕೆಯಿಂದ ಹೊರಗಾದಂತಲ್ಲವೇ ಎಂದು ಕೇಳುತ್ತಾರೆ. ಅದು ನೀವಿರುವ ಸಭೆಯ ಮೇಲೆ ನಿಂತಿದೆ. ನೈಸೀನ್ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತನು ಜೀವಿತರಿಗೂ ಮೃತರಿಗೂ ತೀರ್ಪು ಮಾಡಲು ಬರುವನೆಂದಿದೆ, ನರಕದ ಮಾತಿಲ್ಲ. ಅಥನಾಸಿಯಸರ ಹೆಸರಿನ ಪ್ರಮಾಣದಲ್ಲಿ ನಿತ್ಯಾಗ್ನಿ ಇದೆ. ಲ್ಯಾಟೆರನ್ ಸಭೆ ಪಿಶಾಚನೊಂದಿಗೆ ನಿತ್ಯದಂಡನೆ ಎಂದಿದೆ, ಹಾಗಾಗಿ ಕಥೋಲಿಕರಿಗೆ ಇಲ್ಲಿ ಸ್ವಾತಂತ್ರ್ಯ ಕಡಿಮೆ. ಆದರೂ ನರಕ ಒಂದು ಸ್ಥಳಕ್ಕಿಂತ ಹೆಚ್ಚಾಗಿ ದೇವರಿಂದ ತಾವಾಗಿಯೇ ಅಗಲಿಕೊಂಡವರ ಸ್ಥಿತಿ ಎಂದು 1999ರಲ್ಲಿ ಎರಡನೇ ಜಾನ್ ಪಾಲ್ ಪೋಪ್ ವಿವರಿಸಿದರು. ಲೂಥರನ್ ಸಭೆಗಳ ವಿಶ್ವಾಸಪ್ರಮಾಣವಾದ 1530ರ ಆಗ್ಸ್‌ಬರ್ಗ್ ಅರಿಕೆಯ 17ನೇ ವಿಧಿ ದಂಡನೆಗೆ ಕೊನೆಯಿದೆ ಎನ್ನುವವರನ್ನು ಖಂಡಿಸುತ್ತದೆ. ಇಂಗ್ಲೆಂಡಿನ ಸಭೆಯ 1553ರ 42 ವಿಧಿಗಳಲ್ಲಿ ಕೊನೆಯದು ಸರ್ವರ ರಕ್ಷಣೆಯ ಬೋಧನೆಯನ್ನು ಖಂಡಿಸಿತ್ತು; 1563ರ ಪರಿಷ್ಕರಣೆಯಲ್ಲಿ ಆ ವಿಧಿಯನ್ನೇ ಕೈಬಿಟ್ಟರು. ಹಾಗಿದ್ದೂ 1853ರಲ್ಲಿ ಅದೇ ಸಭೆಯ ದೇವತಾಶಾಸ್ತ್ರಜ್ಞ ಎಫ್. ಡಿ. ಮಾರಿಸ್ ನಿತ್ಯದಂಡನೆಯನ್ನು ಪ್ರಶ್ನಿಸಿ ಲಂಡನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಹುದ್ದೆ ಕಳೆದುಕೊಂಡರು. 1988ರಲ್ಲಿ ಇವ್ಯಾಂಜೆಲಿಕಲ್ ವಲಯದ ಗಣ್ಯ ಬೋಧಕ ಜಾನ್ ಸ್ಟಾಟ್ ಮೂರನೇ ಪಕ್ಷದ ಕಡೆಗೆ ತಮ್ಮ ಒಲವನ್ನು ತೆರೆದು ಹೇಳಿದಾಗ ಗದ್ದಲವಾಯಿತು. ಸೆವೆಂತ್ ಡೇ ಅಡ್ವೆಂಟಿಸ್ಟರಿಗಾದರೋ ಅದೇ ಅಧಿಕೃತ ಬೋಧನೆ.

ಇಷ್ಟೆಲ್ಲ ಹೇಳಿದ ಮೇಲೂ ಕೆಲವರು ಕೊನೆಗೆ ಕೇಳುವುದು ಬೇರೆಯದನ್ನೇ: "ನಂಬದೆ ತೀರಿಕೊಂಡ ನಮ್ಮ ಅಪ್ಪ ಎಲ್ಲಿದ್ದಾರೆ?" ಯಾವ ಬೋಧಕನಿಗೂ ಅದಕ್ಕೆ ಉತ್ತರಿಸುವ ಅಧಿಕಾರವಿಲ್ಲ. ಸಾವಿರಾರು ಜನರನ್ನು ಸಂತರೆಂದು ಘೋಷಿಸಿರುವ ಕಥೋಲಿಕ ಧರ್ಮಸಭೆ ಇಂಥವರು ನರಕದಲ್ಲಿದ್ದಾರೆ ಎಂದು ಒಬ್ಬರ ಹೆಸರನ್ನೂ ಘೋಷಿಸಿಲ್ಲ. ಸಿಲೊವಾಮಿನ ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳೆಂದು ಭಾವಿಸುತ್ತೀರಾ ಎಂದು ಯೇಸು ಕೇಳಿದರು, ಇಲ್ಲ ಎಂದು ತಾವೇ ಉತ್ತರಿಸಿ, ಮಾತನ್ನು ಕೇಳುತ್ತಿದ್ದವರ ಪಶ್ಚಾತ್ತಾಪದ ಕಡೆಗೆ ತಿರುಗಿಸಿದರು. ದುಃಖದಲ್ಲಿರುವವರ ಮುಂದೆ ನರಕದ ಬೆದರಿಕೆ ಹಾಕುವ ಬೋಧಕರು ಲೂಕ 13ರ ಆ ಮೊದಲ ಐದು ವಚನಗಳನ್ನು ಓದಿ ಆಮೇಲೆ ಮಾತಾಡಲಿ.