ಪರೇಲ್ ರೂಮು ಮಾರಿ ಊರಿಗೆ ಯಾಕೆ ಬರಲ್ಲ?

"ಮುಂಬೈನ ಲೋವರ್ ಪರೇಲ್‌ನಲ್ಲಿ ರೂಮು ಇಟ್ಟುಕೊಂಡು ಯಾಕೆ ಕಷ್ಟಪಡ್ತೀರಿ? ಮಾರಿ ಊರಿಗೆ ಬಂದುಬಿಡಿ." ಮದುವೆ, ಗೃಹಪ್ರವೇಶ, ಉತ್ತರಕ್ರಿಯೆ, ಯಾವುದೇ ಇರಲಿ, ಎಲೆ ಮುಂದೆ ಕೂತ ತಕ್ಷಣ ಯಾರಾದರೂ ಇದನ್ನೇ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಓದಿಕೊಳ್ಳಿ.

ಮೊದಲನೆಯದಾಗಿ, ಅದು ಪಗಡಿ ರೂಮು. ಜಾಗ ಮಾಲೀಕನದು, ಇರುವ ಹಕ್ಕು ಮಾತ್ರ ನಮ್ಮದು. ಬಾಡಿಗೆ ರಸೀದಿಯೂ ನನ್ನ ಹೆಸರಲ್ಲಿಲ್ಲ, ಅತ್ತೆಯ ಹೆಸರಲ್ಲಿದೆ. ಬಾಡಿಗೆ ಕಡಿಮೆ, ನಿಜ. ಆದರೆ ಬೇರೆಯವರಿಗೆ ಕೊಡಬೇಕಾದರೆ ಮಾಲೀಕ ಒಪ್ಪಬೇಕು. ಬಂದ ದುಡ್ಡಿನಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಅವನಿಗೆ. ಮತ್ತೆ, ವರಾಂಡದ ಕೊನೆಗೆ ಹೋಗಿ ಶೌಚಾಲಯಕ್ಕೆ ಸಾಲು ನಿಲ್ಲಬೇಕಾದ ರೂಮಿಗೆ ಪಕ್ಕದ ಟವರಿನ ರೇಟು ಯಾರು ಕೊಡ್ತಾರೆ?

ಕುಂದಾಪುರದ ಕಡೆ ಒಂದು ಮದುವೆಯಲ್ಲಿ ಗಂಡನ ದೂರದ ಮಾವ ಒಬ್ಬರು ಪಾಯಸ ಬರುವುದರೊಳಗೆ ಫೋನು ತೆಗೆದು ಚದರಡಿ ಗುಣಿಸಿದರು. "ನೀವೆಲ್ಲ ಕೋಟ್ಯಧೀಶರು ಮಾರಾಯ್ತಿ!" ಒಂದು ಸೊನ್ನೆ ಜಾಸ್ತಿ ಬಿದ್ದಿದ್ದು ನನಗೆ ಕಂಡಿತು. ಸುಮ್ನೆ ಇದ್ದೆ. ಆ ಕೋಟಿಯ ಮರ್ಯಾದೆಗೆ ಇನ್ನೊಂದು ಸೌಟು ಪಾಯಸ ಬಿತ್ತು.

ರೂಮಿನ ಬೆಲೆ ಎಲ್ಲರೂ ಕೇಳ್ತಾರೆ. ಅಲ್ಲಿ ಉಳಿದವರು ಏನು ದುಡೀತಾರೆ ಅಂತ ಒಬ್ಬರೂ ಕೇಳಲ್ಲ. ಅದನ್ನು ಕೇಳಿ, ಹೇಳ್ತೇನೆ.

ನನ್ನ ಮಾವ ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಗೆ ಇದ್ದರು. ನಡೆದೇ ಕೆಲಸಕ್ಕೆ ಹೋಗುತ್ತಿದ್ದರು, ಇಡೀ ಚಾಳು, ಅಂದರೆ ಸಾಲು ರೂಮುಗಳ ನಮ್ಮ ಕಟ್ಟಡ, ಹಾಗೇ ಹೋಗುತ್ತಿತ್ತು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಎಷ್ಟೋ ಜನ ಮತ್ತೆ ಒಳಗೆ ಹೋಗಲೇ ಇಲ್ಲ. ಗಿರಣಿ ಜಾಗದಲ್ಲಿ ಮೂರನೇ ಒಂದು ಪಾಲು ಬಯಲಿಗೆ, ಇನ್ನೊಂದು ಪಾಲು ಸರ್ಕಾರದ ಅಗ್ಗದ ಮನೆಗಳಿಗೆ ಅಂತ 1991ರಲ್ಲಿ ನಿಯಮ ಬಂತು. 2001ರಲ್ಲಿ ಅದನ್ನು ತಿದ್ದಿ, ಈ ಲೆಕ್ಕ ಖಾಲಿ ಜಾಗಕ್ಕೆ ಮಾತ್ರ ಅಂದರು. ಗಿರಣಿ ತುಂಬ ಕಟ್ಟಡವೇ ಇರುವಾಗ ಖಾಲಿ ಜಾಗ ಎಲ್ಲಿಂದ ಬರಬೇಕು? 2006ರಲ್ಲಿ ಸುಪ್ರೀಂ ಕೋರ್ಟೂ ಸರಿ ಎಂದಿತು. ಫೀನಿಕ್ಸ್ ಗಿರಣಿ ಮಾಲ್ ಆಯಿತು. ಕಮಲಾ ಮಿಲ್ಸ್‌ನಲ್ಲಿ ಆಫೀಸು, ಬಾರು ಬಂದವು.

ಈಗ ಇಲ್ಲಿ ಕೆಲಸ ಮಾಡುವವರು ದೂರದ ವಿರಾರ್, ಕಲ್ಯಾಣದಿಂದ ರೈಲಿನಲ್ಲಿ ಬರುತ್ತಾರೆ. ಸ್ಟೇಷನ್ನು ಮಾತ್ರ ಹಳೇ ಕಾಲದ ಅಳತೆಯದು. 2017ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತರು. ಆಮೇಲೆ ಸ್ಟೇಷನ್ನಿಗೆ ಪ್ರಭಾದೇವಿ ಅಂತ ಹೊಸ ಹೆಸರು ಬಂತು.

ನಮ್ಮ ಚಾಳಿನವರು? ಗಿರಣಿಯವರ ಮಕ್ಕಳಲ್ಲಿ ಒಬ್ಬ ಸೆಕ್ಯೂರಿಟಿ, ಒಬ್ಬ ಬೈಕಿನಲ್ಲಿ ಪಾರ್ಸೆಲ್ ತಲುಪಿಸ್ತಾನೆ, ಒಬ್ಬಳು ಮಾಲಿನಲ್ಲಿ ಬಟ್ಟೆ ಮಡಚುತ್ತಾಳೆ. ಓದಿ ಚೆನ್ನಾಗಿ ದುಡಿದವರು ಡೊಂಬಿವಲಿ ಕಡೆ ಹೋದರು, ಯಾಕೆಂದರೆ ದುಡಿದ ದುಡ್ಡಿಗೆ ಇಲ್ಲಿ ಬಾಗಿಲೂ ಸಿಗಲ್ಲ. ನಾನು ಆಫೀಸಿನವರಿಗೆ ಡಬ್ಬಿ ಮಾಡ್ತೇನೆ. ಚಪಾತಿ, ಪಲ್ಯ, ಅನ್ನ, ಸಾರು. ಮಾಲಿನ ಒಂದು ಕಾಫಿಯ ದುಡ್ಡಿಗೆ ನನ್ನ ಮೂರು ಡಬ್ಬಿ ಬರುತ್ತೆ. ಹಾಗಿದ್ದೂ ರೇಟು ಹತ್ತು ರೂಪಾಯಿ ಏರಿಸಿದರೆ "ಆಂಟಿ, ಜಾಸ್ತಿ ಆಯ್ತು" ಅಂತಾರೆ. ಅವರಿಂದಲೇ ಮನೆ ನಡೆಯುವುದು, ಅದಕ್ಕೇ ಬೈಯಲ್ಲ. ಊರಿಗೆ ಬಂದು ಯಾರಿಗೆ ಡಬ್ಬಿ ಕೊಡಲಿ? ಚದರಡಿ ಗುಣಿಸಿದ ಆ ಮಾವನಿಗಾ?

ಚಾಳು ಒಡೆದು ಕಟ್ಟಿದರೆ ದೊಡ್ಡ ಮನೆ ಸಿಗುತ್ತಲ್ಲ ಅಂತ ಮುಂದಿನ ಪ್ರಶ್ನೆ. ಸಿಗಬಹುದು. ಹಿಂದಿನ ಬೀದಿಯವರಿಗೆ ಸಿಕ್ಕಿತು, ಲಿಫ್ಟಿನ ಜೊತೆ ತಿಂಗಳ ಬಿಲ್ಲೂ ಬಂತು. ಎರಡು ಮನೆಯವರು ಫ್ಲಾಟ್ ಬಾಡಿಗೆಗೆ ಕೊಟ್ಟು ಬದ್ಲಾಪುರಕ್ಕೆ ಹೋದರು, ಆ ಬಾಡಿಗೆಯೇ ಈಗ ಅವರ ಸಂಬಳ. ನಮ್ಮಲ್ಲಿಗೂ ಒಬ್ಬ ಬಿಲ್ಡರ್ ಬಂದಿದ್ದ. ಮೇಂಟೆನೆನ್ಸ್ ಎಷ್ಟು ಬೀಳುತ್ತೆ ಅಂತ ಅತ್ತೆ ಕೇಳಿದರು. ಅವನು ಮಾಡ್ಯುಲರ್ ಕಿಚನ್ನಿನ ಫೋಟೋ ತೋರಿಸಿದ.