ನಟ್ ಕೂತ್ರೆ ಸಾಕಾ?

ಮೊನ್ನೆ ಮೂಡಿಗೆರೆ ಕಡೆಯ ಪಂಕ್ಚರ್ ಅಂಗಡಿ ಮುಂದೆ ಒಂದು ಥಾರ್, ಹಿಂದೆ ಔಷಧಿ ಟ್ಯಾಂಕ್ ಹೊತ್ತ ಟ್ರೇಲರ್. ತೋಟದ ಕೆಸರಲ್ಲಿ ನಾಲ್ಕೂ ಚಕ್ರ ಎಳೆಯೋ ಹಾಗೆ ಫೋರ್-ಹೈ ಹಾಕಿದ್ದು, ಟಾರು ರಸ್ತೆಗೆ ಬಂದ ಮೇಲೆ ಲಿವರ್ ಕದಲುತ್ತಿಲ್ಲ.

"ಟೈರ್ ಟೈರೇ ಅಲ್ವಾ ಅಣ್ಣ? ನಟ್ ಕೂತಿದ್ಯಲ್ಲ!" ಓನರ್ ವಾದ.

ಅಂಗಡಿಯವರು ಮಾತಾಡದೆ ಟೇಪು ತಂದು ಟೈರಿಗೆ ಸುತ್ತಿದರು. ನಾಲ್ಕಕ್ಕೆ 18 ಇಂಚಿನ ಅಲಾಯ್ ಏರಿಸಿ, ಸ್ಟೆಪ್ನಿ ಮಾತ್ರ ಹಳೇ 16 ಇಂಚಿನದ್ದೇ ಬಿಟ್ಟಿದ್ದ ಭೂಪ. ಈಗ ಹಿಂದೆ ಒಂದು ಕಡೆ ಕೂತಿದ್ದು ಅದೇ ಸ್ಟೆಪ್ನಿ. ಹಣ ಉಳಿಸೋಕೆ ಬೇರೆ ಜಾಗ ಸಿಗಲಿಲ್ಲವೇನೋ.

ನಟ್ ಕೂತಿತ್ತು, ನಿಜ. ಆದರೆ 255/65 ಆರ್18 ಟೈರಿನ ವ್ಯಾಸ ಸುಮಾರು 789 ಮಿ.ಮೀ., 245/75 ಆರ್16ದು 774. ಚಿಕ್ಕದು ಕಿಲೋಮೀಟರಿಗೆ ಎಂಟು ಸುತ್ತು ಹೆಚ್ಚು ತಿರುಗಬೇಕು. ಅದರಲ್ಲಿ ಅರ್ಧವನ್ನು ಡಿಫರೆನ್ಷಿಯಲ್ (ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಪೆಟ್ಟಿಗೆ) ಸರಿದೂಗಿಸುತ್ತದೆ, ಉಳಿದದ್ದು ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿಗೆ ಹೋಗುತ್ತದೆ. ಈ ಗಾಡಿಯಲ್ಲಿ ಹಿಂದು-ಮುಂದಿನ ಶಾಫ್ಟುಗಳ ನಡುವೆ ಡಿಫರೆನ್ಷಿಯಲ್ ಇಲ್ಲ, ಫೋರ್-ಹೈನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಲ್ಲಾದರೆ ಚಕ್ರ ಜಾರಿ ಬಿಗಿ ಸಡಿಲವಾಗುತ್ತದೆ. ಒಣ ಟಾರಿನಲ್ಲಿ ಎರಡೂ ಶಾಫ್ಟಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಗ್ಗ ಹೊಸೆದ ಹಾಗೆ ಬಿಗಿದುಕೊಳ್ಳುತ್ತದೆ.

ಅಳತೆ ಒಂದೇ ಆದರೂ ಸಾಲದು. ಹೊಸ ಟೈರಿನ ಗೀರುಗಳ ಆಳ 8 ಮಿ.ಮೀ., ಸವೆದದ್ದರದು 2 ಅಂದರೆ ವ್ಯಾಸದಲ್ಲೇ 12 ಮಿ.ಮೀ. ಅಂತರ. ಅದಕ್ಕೇ ಹತ್ತು ಸಾವಿರ ಕಿಲೋಮೀಟರಿಗೊಮ್ಮೆ ಐದನ್ನೂ ಅದಲುಬದಲು ಮಾಡಬೇಕು. ಬಿಸಿಲಿಗೆ ನೇತುಬಿದ್ದ ಸ್ಟೆಪ್ನಿ ಓಡದೆಯೂ ಮುದಿಯಾಗುತ್ತದೆ. ಇದರ ಪಕ್ಕೆಯಲ್ಲಿ 4820 ಅಂತಿತ್ತು: 2020ರ 48ನೇ ವಾರದ ಮಾಲು.

ಟ್ರೇಲರ್ ಇದ್ದರೆ ಲೋಡ್ ಇಂಡೆಕ್ಸ್, ಅಂದರೆ ಒಂದು ಟೈರು ಹೊರಬಲ್ಲ ಭಾರದ ಸಂಕೇತ, ಕೂಡ ನೋಡಬೇಕು. 112 ಅಂದರೆ 1120 ಕೆ.ಜಿ., 109 ಅಂದರೆ 1030. ಒಂದು ಟನ್ ಟ್ರೇಲರ್ ಹುಕ್ಕಿನ ಮೇಲೆ ಸುಮಾರು ನೂರು ಕೆ.ಜಿ. ಒತ್ತುತ್ತದೆ, ಹುಕ್ಕು ಆಕ್ಸಲ್‌ಗಿಂತ ಹಿಂದಿರುವುದರಿಂದ ಹಿಂದಿನ ಎರಡೂ ಟೈರಿಗೆ ಸೇರಿ ಬೀಳುವ ಭಾರ ಅದಕ್ಕೂ ಹೆಚ್ಚು. ತಾತ್ಕಾಲಿಕಕ್ಕೆಂದು ಕೊಡುವ ತೆಳ್ಳನೆಯ ಸ್ಟೆಪ್ನಿ, ಸ್ಪೇಸ್ ಸೇವರ್, ಹಾಕಿ ಎಳೆಯುವ ಯೋಚನೆಯೇ ಬೇಡ. ಸ್ಟೆಪ್ನಿಗೆ ಗಾಳಿ ಒಂಚೂರು ಜಾಸ್ತಿಯೇ ಇರಲಿ, ಕಾಡಿನಲ್ಲಿ ಬಿಡೋದು ಸುಲಭ, ತುಂಬೋದು ಕಷ್ಟ. ಟ್ರೇಲರಿಗೂ ಅದೇ ರಿಮ್, ಅದೇ ಟೈರ್ ಹಾಕಿಸಿದರೆ ಎರಡಕ್ಕೂ ಒಂದೇ ಸ್ಟೆಪ್ನಿ.

ಹತ್ತಿಪ್ಪತ್ತು ಅಡಿ ನೇರ ರಿವರ್ಸ್ ತೆಗೆಸಿದಾಗ ಧಡ್ ಅಂತ ಬಿಗಿ ಬಿಟ್ಟಿತು, ಲಿವರ್ ಟೂ-ಹೈಗೆ ಬಂತು. ಅಂಗಡಿಯವರು ಮುಂದಿನ 18 ಒಂದನ್ನು ಹಿಂದಕ್ಕೆ ಹಾಕಿ, 16ನ್ನು ಮುಂದಕ್ಕೆ ತಂದರು. ಟೂ-ಹೈನಲ್ಲಿ ಎಳೆಯೋದು ಹಿಂದಿನ ಚಕ್ರ, ಅಲ್ಲಿ ಜೋಡಿ ಸರಿಯಿರಬೇಕು.

"ಊರಿಗೆ ನಿಧಾನ ಹೋಗಿ. ಫೋರ್-ಹೈ ಮುಟ್ಟಬೇಡಿ."

"ನಟ್ ಎಲ್ಲ ಟೈಟ್ ಇದ್ಯಲ್ಲ ಅಣ್ಣ?"