ಬಳೆಯಿಂದ ಕಳಚಿದ ಸೇಫ್ಟಿ ಪಿನ್ನು

ಭಾನುವಾರ ನೋಡಿದ ಆ ಸೇಫ್ಟಿ ಪಿನ್ನು ಬುಧವಾರವಾದರೂ ಕಣ್ಣ ಮುಂದಿನಿಂದ ಸರಿದಿಲ್ಲ. ಎದುರು ಮನೆಯ ಅಮ್ಮ ಬಳೆಗೆ ಸಿಕ್ಕಿಸಿಕೊಂಡಿದ್ದ ನಾಲ್ಕೈದು ಪಿನ್ನುಗಳಲ್ಲಿ ಒಂದನ್ನು ಕಳಚಿ, ಬಾಯಿ ಬಿಡಿಸಿ, ಟಿವಿ ಕೂರಿಸಲು ಬಂದ ಹುಡುಗನ ಕೈಗೆ ಕೊಡುತ್ತಿದ್ದರು. ಹುಡುಗನ ಇನ್ನೊಂದು ಕೈಯಲ್ಲಿ ರೌಟರ್ ಬೋರಲಾಗಿತ್ತು. ಅದರ ಬೆನ್ನಿನ ಮೇಲೆ ಸಾಸಿವೆ ಕಾಳಿನಷ್ಟು ತೂತು. ಪಿನ್ನಿಗೂ ತೂತಿಗೂ ನಡುವೆ ಒಂದು ಗೇಣು ಕೂಡ ಇರಲಿಲ್ಲ.

ಅಲ್ಲಿಯವರೆಗೆ ಬಂದದ್ದು ಹೀಗೆ. ಹೊಸ ಟಿವಿ ಗೋಡೆಗೇರಿತು, ಉರಿಯಿತು, ವೈಫೈ ಹೆಸರುಗಳ ಪಟ್ಟಿ ತೋರಿಸಿತು. ಹದಿನಾಲ್ಕು ಹೆಸರು. ‘ಅಂಕಲ್, ಇದ್ರಲ್ಲಿ ನಿಮ್ದು ಯಾವ್ದು?’ ಎಂದ ಹುಡುಗ. ಯಜಮಾನರು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿ, ‘ಅದು ಮಗನಿಗೆ ಗೊತ್ತು’ ಎಂದರು. ‘ಪಾಸ್‌ವರ್ಡು?’ ‘ಅದೂ ಮಗನಿಗೇ ಗೊತ್ತು.’ ಮಗ ನ್ಯೂಜೆರ್ಸಿಯಲ್ಲಿ. ಇಲ್ಲಿ ಬೆಳಿಗ್ಗೆ ಹನ್ನೊಂದು, ಅಲ್ಲಿ ನಡುರಾತ್ರಿ ಒಂದೂವರೆ. ಎಬ್ಬಿಸಲು ಅಮ್ಮ ಒಪ್ಪಲಿಲ್ಲ. ಸರಿ, ಪಿನ್ನು ಹೊರಗೆ ಬಂತು.

ಹುಡುಗನನ್ನು ಬೈಯುವಂತಿಲ್ಲ. ದಿನಕ್ಕೆ ಆರು ಮನೆ, ಆರರಲ್ಲೂ ಇದೇ ಕಥೆ. ಅವನು ಮೊದಲು ಮಾಡಿದ್ದೂ ಸರಿಯಾದ ಕೆಲಸವೇ. ರೌಟರ್ ಮಗುಚಿ ಚೀಟಿ ಓದಿದ. ಹೊಸ ರೌಟರ್ ಆಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಏಕೆಂದರೆ ಕಾರ್ಖಾನೆ ಇಟ್ಟ ಹೆಸರು ಮತ್ತು ಪಾಸ್‌ವರ್ಡ್ ಎರಡೂ ಆ ಚೀಟಿಯಲ್ಲೇ ಇರುತ್ತವೆ. ಹೆಸರಿನ ಎದುರು ‘ಎಸ್‌ಎಸ್‌ಐಡಿ’ ಅಂತ, ಪಾಸ್‌ವರ್ಡಿನ ಎದುರು ‘ವೈರ್‌ಲೆಸ್ ಕೀ’ ಅಂತಲೋ ‘ಡಬ್ಲ್ಯುಪಿಎ ಕೀ’ ಅಂತಲೋ ಅಚ್ಚಾಗಿರುತ್ತದೆ. ಆದರೆ ಚೀಟಿ ಅಷ್ಟಕ್ಕೇ ನಿಲ್ಲುವುದಿಲ್ಲ. ಸೀರಿಯಲ್ ನಂಬರ್, ಮ್ಯಾಕ್ ವಿಳಾಸ, ಜೊತೆಗೆ ರೌಟರಿನ ಒಳಗಿನ ಸೆಟ್ಟಿಂಗ್ ಪುಟಕ್ಕೆ ಬೇಕಾದ ಬೇರೆಯೇ ಒಂದು ಯೂಸರ್‌ನೇಮ್, ಪಾಸ್‌ವರ್ಡ್. ಅರ್ಧ ಜನ ಎಡವುವುದು ಇಲ್ಲೇ, ಸೀರಿಯಲ್ ನಂಬರನ್ನೋ ಸೆಟ್ಟಿಂಗ್ ಪುಟದ ಪಾಸ್‌ವರ್ಡನ್ನೋ ಟಿವಿಗೆ ಉಣಿಸಿ ‘ತಪ್ಪು’ ಅನ್ನಿಸಿಕೊಳ್ಳುತ್ತಾರೆ. ಹುಡುಗ ಹಾಗೆ ಎಡವಲಿಲ್ಲ. ಊಹೆಯ ಮೇಲೆ ಪಟ್ಟಿಯ ಒಂದು ಹೆಸರು ಆರಿಸಿ ಸರಿಯಾದ ಸಾಲನ್ನೇ ಮೂರು ಸಲ ಹೊಡೆದ, ಮೂರು ಸಲವೂ ತಪ್ಪಾಯಿತು. ಅದಕ್ಕೆ ಕಾರಣ ಟಿವಿ ಪರದೆಯಲ್ಲೇ ಕಾಣುತ್ತಿತ್ತು. ಚೀಟಿಯಲ್ಲಿದ್ದ ಹೆಸರು ಹದಿನಾಲ್ಕರ ಪಟ್ಟಿಯಲ್ಲಿ ಇರಲೇ ಇಲ್ಲ. ಹೆಸರು ಬದಲಾಗಿದೆ ಎಂದರೆ ಯಾರೋ ಸೆಟ್ಟಿಂಗ್ ಪುಟಕ್ಕೆ ಹೋಗಿದ್ದಾರೆ, ಹೋದವರು ಪಾಸ್‌ವರ್ಡನ್ನೂ ಬದಲಿಸಿರುತ್ತಾರೆ. ಬದಲಿಸಿದ ಮೇಲೆ ಚೀಟಿ ಬರೀ ಚೀಟಿ.

ಚೀಟಿ ಕೈಕೊಟ್ಟ ಕೂಡಲೇ ಪಿನ್ನಿಗೆ ಕೈ ಹೋಗುವುದೇಕೆ ಎಂಬುದು ನನ್ನನ್ನು ಕಾಡುತ್ತಿರುವ ಪ್ರಶ್ನೆ. ಬೀಗದ ಕೈ ಕಾಣದಿದ್ದರೆ ಯಾರೂ ಮನೆಯನ್ನೇ ಕೆಡವುವುದಿಲ್ಲ. ಆ ತೂತಿನೊಳಗಿನ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡಿನಷ್ಟು ಒತ್ತಿ ಹಿಡಿದರೆ ಆಗುವುದು ಅದೇ. ವೈಫೈ ಹೆಸರು, ಪಾಸ್‌ವರ್ಡ್ ಚೀಟಿಯಲ್ಲಿರುವುದಕ್ಕೆ ಮರಳುತ್ತವೆ ಎಂಬಲ್ಲಿಗೆ ಎಲ್ಲರೂ ತಿಳಿದುಕೊಂಡಿರುತ್ತಾರೆ. ಅದರ ಜೊತೆಗೇ ಫೈಬರ್ ಕಂಪನಿಯವರು ಜೋಡಣೆಯ ದಿನ ತುಂಬಿಸಿ ಹೋದ, ಅವರ ಇಂಟರ್ನೆಟ್ಟಿಗೆ ಒಳಹೋಗಲು ಬೇಕಾದ ಪಿಪಿಪಿಒಇ ಯೂಸರ್‌ನೇಮ್, ಅದರ ಪಾಸ್‌ವರ್ಡ್, ವಿಎಲ್ಎಎನ್ ನಂಬರ್ ಕೂಡ ಅಳಿಸಿಹೋಗುತ್ತವೆ. ಕೆಲವು ಕಂಪನಿಗಳ ವ್ಯವಸ್ಥೆ ಅದನ್ನೆಲ್ಲ ದೂರದಿಂದಲೇ ಮತ್ತೆ ತುಂಬುತ್ತದೆ. ಉಳಿದವರದ್ದಾದರೆ ಫೋನಿಗೆ ‘ಕನೆಕ್ಟೆಡ್’, ಆದರೆ ‘ನೋ ಇಂಟರ್ನೆಟ್’. ಆಮೇಲೆ ಕಸ್ಟಮರ್ ಕೇರ್, ಟಿಕೆಟ್ ನಂಬರ್, ಸೋಮವಾರ ಬರುತ್ತೇವೆ ಎಂಬ ಭರವಸೆ. ಆಗ ಜನ ‘ಕೆಂಪು ದೀಪ ಬಂದಿದೆಯಾ ನೋಡಿ’ ಎಂದು ಪೆಟ್ಟಿಗೆಯ ಮುಂದೆ ಕೂರುತ್ತಾರೆ. ಎಲ್‌ಒಎಸ್ ಎಂಬ ದೀಪ ಕೆಂಪಾದರೆ ಬೆಳಕು ಬರುವ ದಾರಿಯಲ್ಲೇ ತೊಡಕು, ತಂತಿ ತುಂಡಾಗಿರಬಹುದು, ವಿಪರೀತ ಮಡಿಸಿರಬಹುದು. ರೀಸೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಮಾತು. ಎಷ್ಟೋ ರೌಟರುಗಳಲ್ಲಿ ಡಬ್ಲ್ಯುಪಿಎಸ್ ಮತ್ತು ರೀಸೆಟ್ ಎರಡಕ್ಕೂ ಒಂದೇ ಗುಂಡಿ. ಮೆಲ್ಲಗೆ ಒತ್ತಿ ಬಿಟ್ಟರೆ ಪಾಸ್‌ವರ್ಡ್ ಇಲ್ಲದೆಯೇ ಟಿವಿ ಸೇರಿಕೊಳ್ಳಲು ಎರಡು ನಿಮಿಷ ಬಾಗಿಲು ತೆರೆಯುತ್ತದೆ, ಒತ್ತಿ ಹಿಡಿದರೆ ಎಲ್ಲ ಅಳಿಸುತ್ತದೆ. ಇದನ್ನು ಯೋಚಿಸಿದ ಪುಣ್ಯಾತ್ಮ ಒಂದೇ ಸ್ವಿಚ್ಚಿಗೆ ಫ್ಯಾನನ್ನೂ ಮೇನ್ ಫ್ಯೂಸನ್ನೂ ಕಟ್ಟುವ ಜಾತಿಯವನು.

‘ನಿಲ್ಲಪ್ಪ’ ಎಂದು ನಾನು ಅಂದದ್ದಕ್ಕೆ ಹುಡುಗ ಕೈ ತಡೆದ, ಅಮ್ಮ ಗಾಬರಿಯಾದರು, ಯಜಮಾನರು ಮತ್ತೊಮ್ಮೆ ‘ಮಗನಿಗೆ ಗೊತ್ತು’ ಎಂದರು. ಹಾಗೆನ್ನುವಾಗಲೇ ಅವರ ಅಂಗಿ ಜೇಬಿನಲ್ಲಿ ಫೋನು ಟಿಣ್ ಎಂದಿತು. ಯಾರದೋ ‘ಶುಭೋದಯ’ದ ಹೂವಿನ ಚಿತ್ರ. ಅದು ಬಂದದ್ದು ಯಾವ ದಾರಿಯಿಂದ? ಈ ಮನೆಯ ವೈಫೈಯಿಂದಲೇ. ಎರಡು ವರ್ಷದಿಂದ ಆ ಪಾಸ್‌ವರ್ಡನ್ನು ಅವರು ಎದೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಾರೆ.

ಸೇರಿಕೊಂಡಿರುವ ಫೋನು ಒಂದಿದ್ದರೆ ಹೆಸರು ಹುಡುಕುವ ಕೆಲಸವೇ ಇಲ್ಲ. ಸೆಟ್ಟಿಂಗ್ಸ್‌ನ ವೈಫೈ ಪುಟ ತೆರೆದರೆ ‘ಕನೆಕ್ಟೆಡ್’ ಎಂದಿರುವುದೇ ನಿಮ್ಮದು. ಆ ಸಾಲಿನಲ್ಲಿ ಇಂಗ್ಲಿಷಿನಲ್ಲಿ ‘ಕಳಸ’ ಎಂದಿತ್ತು. ಯಜಮಾನರು ಫೋನನ್ನೊಮ್ಮೆ, ಟಿವಿಯನ್ನೊಮ್ಮೆ ನೋಡಿದರು. ‘ಇದು ನಮ್ದಾ? ನಮ್ಮೂರ ಕಡೆಯವರು ಯಾರೋ ಹಿಂದಿನ ಬೀದೀಲಿ ಮನೆ ಮಾಡಿದಾರೆ ಅಂದ್ಕೊಂಡಿದ್ದೆ. ಒಂದಿನ ಹೋಗಿ ಮಾತಾಡಿಸ್ಬೇಕು ಅಂತಲೂ ಇದ್ದೆ.’ ಅಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಯಜಮಾನರು ನಗಲಿಲ್ಲ.

ಅದರ ಕೆಳಗೇ ‘ಕಳಸ 5ಜಿ’ ಎಂದೂ ಒಂದಿತ್ತು. ಹುಡುಗ ಅದಕ್ಕೇ ಕೈಹಾಕಿದ, ಫಾಸ್ಟ್ ಇರುತ್ತೆ ಅಂತ. ವೈಫೈ ಹೆಸರಿನ 5ಜಿಗೂ ಮೊಬೈಲಿನ 5ಜಿಗೂ ನೆಂಟಸ್ತಿಕೆಯಿಲ್ಲ. ಇದು 5 ಗಿಗಾಹರ್ಟ್ಸ್, ಇನ್ನೊಂದು 2.4 ಗಿಗಾಹರ್ಟ್ಸ್. ರೌಟರ್ ಇರುವ ಕೋಣೆಯಲ್ಲೇ ಟಿವಿ ಇದ್ದರೆ 5 ಒಳ್ಳೆಯದು. ನಡುವೆ ಎರಡು ಇಟ್ಟಿಗೆ ಗೋಡೆ ಬಂದರೆ ಅದು ಸೊರಗುತ್ತದೆ, 2.4 ನಿಧಾನವಾದರೂ ಗೋಡೆ ದಾಟಿ ಬರುತ್ತದೆ. ಕಡಿಮೆ ಬೆಲೆಯ ಪ್ರಿಂಟರ್, ಸ್ಮಾರ್ಟ್ ಬಲ್ಬುಗಳಲ್ಲಿ ಬಹುತೇಕಕ್ಕೆ 5 ಕಾಣಿಸುವುದೂ ಇಲ್ಲ. ‘ನಮ್ಮ ವೈಫೈ ಹೆಸರೇ ಬರ್ತಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಇಲ್ಲಿಂದಲೇ ಹುಟ್ಟುತ್ತವೆ. ಇನ್ನು ಒಂದು ಫೋನೂ ಸೇರಿಕೊಂಡಿರದ ಮನೆಯಲ್ಲಿ ಹೆಸರು ಪತ್ತೆಮಾಡಲು ಒಂದು ಹಳೇ ಉಪಾಯವಿದೆ. ರೌಟರಿನ ಸ್ವಿಚ್ ಆರಿಸಿ, ಒಂದೆರಡು ನಿಮಿಷ ಬಿಟ್ಟು ಪಟ್ಟಿಯನ್ನು ಮತ್ತೆ ತರಿಸಿ ನೋಡುವುದು. ಮಾಯವಾದ ಹೆಸರು ನಿಮ್ಮದು.

ಪಾಸ್‌ವರ್ಡಿನ ವಿಷಯಕ್ಕೆ ಬಂದರೆ, ಆಂಡ್ರಾಯ್ಡ್ 10ರಿಂದ ಈಚಿನ ಫೋನುಗಳಲ್ಲಿ ಸೇರಿಕೊಂಡಿರುವ ಹೆಸರಿನ ಪಕ್ಕದ ಹಲ್ಲುಚಕ್ರ ಒತ್ತಿ, ‘ಶೇರ್’ ಒತ್ತಿ, ಬೆರಳಚ್ಚು ಅಥವಾ ಫೋನಿನ ಪಿನ್ ನಂಬರ್ ಕೊಟ್ಟರೆ ಕ್ಯೂಆರ್ ಚಿತ್ರ ಬರುತ್ತದೆ. ಬಹಳಷ್ಟು ಫೋನುಗಳಲ್ಲಿ ಆ ಚಿತ್ರದ ಕೆಳಗೇ ಸಣ್ಣ ಅಕ್ಷರದಲ್ಲಿ ಪಾಸ್‌ವರ್ಡ್ ಇರುತ್ತದೆ. ಯಜಮಾನರ ಫೋನಿನಲ್ಲಿ ಚಿತ್ರ ಮಾತ್ರ ಬಂತು, ಅಕ್ಷರ ಬರಲಿಲ್ಲ. ಕ್ಯಾಮೆರಾ ಇಲ್ಲದ ಟಿವಿಗೆ ಆ ಚಿತ್ರ ತೋರಿಸಿ ಏನು ಪ್ರಯೋಜನ? ಹಾಗಾದಾಗ ಅದರ ಸ್ಕ್ರೀನ್‌ಶಾಟ್ ತೆಗೆದು ಕ್ಯೂಆರ್ ಓದುವ ಯಾವುದಾದರೂ ಆ್ಯಪ್‌ನಲ್ಲಿ ತೆರೆಯಬೇಕು. ಒಂದು ಉದ್ದ ಸಾಲು ಸಿಗುತ್ತದೆ. ಅದರಲ್ಲಿ ‘ಎಸ್’ ಮುಂದೆ ಇರುವುದು ಹೆಸರು, ‘ಪಿ’ ಮುಂದೆ ಇರುವುದು ಪಾಸ್‌ವರ್ಡ್. ಪಾಸ್‌ವರ್ಡಿನ ಒಳಗೆ ಕೋಲನ್ (:) ಚಿಹ್ನೆಯೋ ಅರ್ಧವಿರಾಮವೋ (;) ಇದ್ದರೆ ಅದರ ಹಿಂದೆ ಒಂದು ಓರೆ ಗೆರೆ ಸೇರಿಕೊಂಡಿರುತ್ತದೆ. ಅದು ಪಾಸ್‌ವರ್ಡಿನ ಭಾಗವಲ್ಲ, ಬಿಟ್ಟು ಬರೆದುಕೊಳ್ಳಬೇಕು.

ಅಷ್ಟು ದೂರ ಹೋಗಬೇಕಾಗಲಿಲ್ಲ. ‘ನನ್ನ ಫೋನಲ್ಲಿ ಇರುತ್ತಾ?’ ಎಂದು ಅಮ್ಮ ಅಡುಗೆಮನೆಯಿಂದ ತಮ್ಮದನ್ನು ತಂದರು. ಮಗ ಹೊಸದು ಕೊಂಡಾಗ ಬಿಟ್ಟುಹೋದ ಹಳೇ ಐಫೋನು. ಐಒಎಸ್ 16 ಬಂದ 2022ರಿಂದ ಐಫೋನಿನಲ್ಲಿ ಇದು ಬಾಳೆಹಣ್ಣು ಸುಲಿದಷ್ಟು ಸುಲಭ. ಸೆಟ್ಟಿಂಗ್ಸ್, ವೈಫೈ, ಹೆಸರಿನ ಪಕ್ಕದ ವೃತ್ತದೊಳಗಿನ ‘ಐ’, ಅಲ್ಲಿ ‘ಪಾಸ್‌ವರ್ಡ್’ ಎಂಬ ಸಾಲಿನ ಚುಕ್ಕೆಗಳ ಮೇಲೆ ಒಮ್ಮೆ ಮುಟ್ಟಿದರೆ ಮುಖವನ್ನೋ ಪಾಸ್‌ಕೋಡನ್ನೋ ಕೇಳಿ ಬಿಚ್ಚಿಡುತ್ತದೆ. ಲ್ಯಾಪ್‌ಟಾಪ್ ಇದ್ದಿದ್ದರೂ ಆಗುತ್ತಿತ್ತು. ವಿಂಡೋಸ್‌ನಲ್ಲಿ ವಿಂಡೋಸ್ ಕೀಲಿಯ ಜೊತೆ ‘ಆರ್’ ಒತ್ತಿ, ಎನ್-ಸಿ-ಪಿ-ಎ, ಚುಕ್ಕೆ, ಸಿ-ಪಿ-ಎಲ್ ಎಂದು ಹೊಡೆದು ಎಂಟರ್ ಕೊಟ್ಟರೆ ವೈಫೈ ಚಿಹ್ನೆ ಬರುತ್ತದೆ. ಅದರ ಮೇಲೆ ಎರಡು ಸಲ ಒತ್ತಿ, ‘ವೈರ್‌ಲೆಸ್ ಪ್ರಾಪರ್ಟೀಸ್’, ಅದರೊಳಗೆ ‘ಸೆಕ್ಯುರಿಟಿ’, ಅಲ್ಲಿ ‘ಶೋ ಕ್ಯಾರೆಕ್ಟರ್ಸ್’ ಚೌಕಕ್ಕೆ ಗುರುತು ಹಾಕಿದರೆ ಆಯಿತು. ಆಫೀಸಿನ ಲ್ಯಾಪ್‌ಟಾಪ್ ಆದರೆ ಅಡ್ಮಿನ್ ಹಕ್ಕಿಲ್ಲದೆ ಇದು ನಡೆಯದಿರಬಹುದು.

ಇದ್ಯಾವುದೂ ಇಲ್ಲದಿದ್ದರೆ ಲ್ಯಾನ್ ತಂತಿಯಿಂದ ಕಂಪ್ಯೂಟರನ್ನು ರೌಟರಿಗೆ ಸೇರಿಸಿ, ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ತೆರೆಯುವುದು. ಜಿಯೋ ರೌಟರುಗಳಲ್ಲಿ 192.168.29.1. ಯಾರೂ ಬದಲಿಸಿರದಿದ್ದರೆ, ಚೀಟಿಯ ಮೇಲಿನ ಆ ಎರಡನೆಯ ಪಾಸ್‌ವರ್ಡಿಗೆ ಇಲ್ಲಿ ಕೆಲಸ. ಪಿನ್ನಿಗೆ ಮೊದಲು ಇಷ್ಟೆಲ್ಲ ಬಾಗಿಲುಗಳಿವೆ.

ನಿಜ ಹೇಳಬೇಕೆಂದರೆ ಆ ಮಗನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಕೆಲಸ ಬಲ್ಲವನೇ. ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿದ್ದಾನೆ, ಒಳಗಿನ ಸೆಟ್ಟಿಂಗ್ ಪುಟದ ಪಾಸ್‌ವರ್ಡನ್ನೂ ಬದಲಿಸಿದ್ದಾನೆ, ಎರಡೂ ಸರಿ. ಒಂದು ಚೀಟಿ ಬರೆದು ರೌಟರಿನ ಬೆನ್ನಿಗೆ ಅಂಟಿಸಲು ಮಾತ್ರ ತೋಚಿಲ್ಲ. ಪಾಸ್‌ವರ್ಡನ್ನು ಬರೆದಿಡಬಾರದು ಎಂಬ ಬುದ್ಧಿಮಾತು ಬ್ಯಾಂಕಿಗೆ ಸರಿ. ಮನೆಯ ವೈಫೈಗೆ ಕೈಹಾಕುವವನು ಬೀದಿಯಲ್ಲಿ ನಿಂತಿರುತ್ತಾನೆ, ರೌಟರ್ ಮಗುಚಿ ನೋಡುವಷ್ಟು ಒಳಗೆ ಬಂದವನಿಗೆ ನೀವು ಕಾಫಿಯನ್ನೂ ಕೊಟ್ಟಿರುತ್ತೀರಿ.

ಸಿಟ್ಟು ಪೂರ್ತಿ ನಿಲ್ಲುವುದೂ ಇಲ್ಲ, ಆ ಹೆಸರು ಅಡ್ಡ ಬರುತ್ತದೆ. ಗೇಟಿನ ಪಕ್ಕದ ಕರಿಕಲ್ಲಿನಲ್ಲಿ ಮನೆಯ ಹೆಸರು ‘ಶ್ರೀ ಗುರುಕೃಪಾ’ ಎಂದು ಕೆತ್ತಿಸಿದ್ದಾರೆ. ಅದನ್ನೇ ಕನ್ನಡದಲ್ಲಿ ವೈಫೈಗೂ ಇಡಬಹುದಿತ್ತಲ್ಲ ಎನ್ನಬೇಡಿ, ಜಾಗ ಸಾಲುವುದಿಲ್ಲ. ವೈಫೈ ಹೆಸರಿಗೆ ಇರುವ ಜಾಗ 32 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು, ಗುಣಿತದ ಚಿಹ್ನೆಗೂ ಒತ್ತಕ್ಷರ ಕೂಡಿಸುವ ಚಿಹ್ನೆಗೂ ಬೇರೆ ಬೇರೆ ಲೆಕ್ಕ. ‘ಶ್ರೀ’ ಒಂದಕ್ಕೇ 12, ‘ಗುರುಕೃಪಾ’ಗೆ 24, ನಡುವಿನ ಜಾಗಕ್ಕೆ 1. ಒಟ್ಟು 37. ಶ್ರೀ ಬಿಟ್ಟರೆ ಗುರುಕೃಪೆ ಒಳಗೆ ಬರುತ್ತದೆ. ‘ಕಳಸ’ಕ್ಕೆ 9 ಸಾಕು, ಆದರೆ ಕೆಲವು ಹಳೇ ಟಿವಿಗಳು ಕನ್ನಡ ಕಂಡರೆ ಬರೀ ಡಬ್ಬಿಗಳನ್ನು ತೋರಿಸುತ್ತವೆ. ಮಗ ಇಂಗ್ಲಿಷಿನಲ್ಲಿ ಬರೆದದ್ದು ಸರಿಯೇ ಇರಬಹುದು. ರಜೆಯ ಕೊನೆಯ ದಿನ, ವಿಮಾನದ ಹೊತ್ತಿಗೆ ಮುಂಚೆ, ಅಪ್ಪ ಬಿಟ್ಟುಬಂದ ಊರಿನ ಹೆಸರನ್ನು ಈ ಬೀದಿಯ ಗಾಳಿಯಲ್ಲಿ ತೂಗಿಬಿಟ್ಟು ಹೋಗಿದ್ದಾನೆ. ಅಪ್ಪನಿಗೆ ಹೇಳಿಲ್ಲ. ಹೇಳಿದ್ದನೋ, ಅಪ್ಪನೇ ಮರೆತರೋ. ಎರಡು ವರ್ಷ ಅವರು ಅದನ್ನು ದಿನಾ ಓದುತ್ತ, ಹಿಂದಿನ ಬೀದಿಯಲ್ಲಿ ತಮ್ಮೂರಿನ ಒಂದು ಮನೆಯನ್ನು ಕಲ್ಪಿಸಿಕೊಂಡಿದ್ದರು. ‘ಅದು ಮಗನಿಗೆ ಗೊತ್ತು’ ಎಂಬ ಮಾತು ಈಗ ನೆನಪಾದರೆ ಭಾನುವಾರ ಕೇಳಿಸಿದ ಹಾಗೆ ಕೇಳಿಸುವುದಿಲ್ಲ.

ಟಿವಿಗೆ ಪಾಸ್‌ವರ್ಡ್ ಹೊಡೆಯುವಾಗ ಮೊದಲ ಸಲ ಮತ್ತೆ ತಪ್ಪಾಯಿತು. ರಿಮೋಟಿನಲ್ಲಿ ಒಂದೊಂದೇ ಅಕ್ಷರ ಹುಡುಕುವಾಗ ದೊಡ್ಡಕ್ಷರ, ಸಣ್ಣಕ್ಷರ ಅದಲುಬದಲಾಗುವುದು ಮಾಮೂಲು. ಕಣ್ಣಿನ ಚಿಹ್ನೆ ಒತ್ತಿ ಚುಕ್ಕೆಗಳನ್ನು ಅಕ್ಷರ ಮಾಡಿಕೊಂಡು ನೋಡಿದರೆ ‘ಕೆ’ ಸಣ್ಣದಾಗಿತ್ತು. ತಿದ್ದಿದ ಮೇಲೆ ಸೇರಿಕೊಂಡಿತು, ಸೇರಿಕೊಂಡದ್ದೇ ತಡ ಅಪ್‌ಡೇಟ್ ಕೇಳಿತು. ಹುಡುಗ ಸಹಿ ಹಾಕಿಸಿಕೊಂಡು ಮುಂದಿನ ಮನೆಗೆ ಹೊರಟ. ಅಮ್ಮ ಪಿನ್ನನ್ನು ಮರೆಯದೆ ವಾಪಸ್ ಕೇಳಿ ಬಳೆಗೆ ಸಿಕ್ಕಿಸಿಕೊಂಡರು.

ಆಮೇಲೆ ಹಾಲಿನ ಲೆಕ್ಕದ ಪುಸ್ತಕ ತಂದು, ರಟ್ಟಿನ ಒಳಮಗ್ಗುಲಲ್ಲಿ ಐಫೋನು ನೋಡಿಕೊಂಡು ಬರೆಯತೊಡಗಿದರು. ದೊಡ್ಡಕ್ಷರಕ್ಕೆಲ್ಲ ಕೆಳಗೊಂದು ಗೆರೆ ಎಳೆಯಿರಿ ಎಂದದ್ದಕ್ಕೆ ಎಳೆದರು. ಆರನೆಯದಕ್ಕೆ ಬಂದು ಪೆನ್ನು ನಿಂತಿತು.

‘ಇದು ಸೊನ್ನೆಯೋ, ಓ ಅಕ್ಷರವೋ?’

ಸೊನ್ನೆ ಅಂದಾಗ, ಅದರ ಹೊಟ್ಟೆಗೆ ಅಡ್ಡಲಾಗಿ ಒಂದು ಗೀಟು ಹಾಕಿ, ಪಕ್ಕದಲ್ಲಿ ಕನ್ನಡದಲ್ಲಿ ‘ಸೊನ್ನೆ’ ಎಂದೂ ಬರೆದರು.